ಅಪ್ಪ ಓದಿದ ಕೊನೆಯ ಪುಟ

ಆಗಸ್ಟ್ 4, ರವಿವಾರ

ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲೇ ಹೋಗಬಹುದಿತ್ತು. ಈಗ ವಂದೇ ಭಾರತ್ ರೈಲೂ ಇದೆ. ಆದರೂ ನಾನು ರಾಣಿ ಚೆನ್ನಮ್ಮ ರೈಲಿಗೇ ಟಿಕೆಟ್ ತೆಗೆಸಿದ್ದೆ. 2001ರಲ್ಲಿ ಧಾರವಾಡ ಬಿಟ್ಟು ಶಿಕಾಗೊಗೆ ಹೊರಟಾಗ ಇದೇ ರೈಲು ಹತ್ತಿದ್ದೆ. ಅವತ್ತು ಅವ್ವ ಕಿಟಕಿಯ ಸರಳು ಹಿಡಿದುಕೊಂಡು ಊಟ, ಥಂಡಿ, ಸ್ವೆಟರ್ ಅಂತ ಹೇಳುತ್ತಲೇ ಇದ್ದಳು. ಅಪ್ಪ ರೈಲು ಅಲುಗಾಡಿದ ಮೇಲೆ ಒಂದೇ ಮಾತು ಹೇಳಿದರು. "ಕನ್ನಡ ಓದೋದು ಬಿಡಬ್ಯಾಡವಾ."

ಹುಬ್ಬಳ್ಳಿಯಲ್ಲಿ ಎಚ್ಚರವಾಯಿತು. ಪ್ಲಾಟ್‌ಫಾರಂ ಮುಗಿಯುವುದೇ ಇಲ್ಲ. 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ನಾನು ಹೋಗುವಾಗ ಇಷ್ಟು ಇರಲಿಲ್ಲ. ಇನ್ನು 20 ಕಿಲೋಮೀಟರ್ ಅಂದುಕೊಂಡು ಬಾಗಿಲ ಹತ್ತಿರ ಬಂದು ನಿಂತೆ. ಧಾರವಾಡ ಬರುವ ಹೊತ್ತಿಗೆ ಜಿಟಿಜಿಟಿ ಮಳೆ ಶುರುವಾಗಿತ್ತು. ಈ ಮಳೆಗೆ ಸದ್ದೇ ಇಲ್ಲ. ಹಂಚಿನ ಮೇಲೆ ಬಿದ್ದರೂ ಗೊತ್ತಾಗುವುದಿಲ್ಲ, ಅಂಗಳದ ಕಲ್ಲು ಕಪ್ಪಾದಾಗಲೇ ಗೊತ್ತಾಗುವುದು.

ಅಣ್ಣ ಸ್ಟೇಶನ್ನಿಗೆ ಬಂದಿದ್ದ. ಪಂಚಮಿಗೆ ತಂಗಿಯನ್ನು ಕರೆಯಲು ಅಣ್ಣ ಬರಬೇಕು, ಇದು ನಮ್ಮ ಕಡೆಯ ರೂಢಿ. ಅಣ್ಣ ಕರೆಯಲು ಬರಲಿಲ್ಲವೆಂದು ಹಾಡು ಕಟ್ಟಿ ಅತ್ತ ಹೆಣ್ಣುಮಕ್ಕಳ ನಾಡು ಇದು. 23 ವರ್ಷಗಳಲ್ಲಿ ನಾನು ಪಂಚಮಿಗೆ ಬಂದದ್ದು ಇದೇ ಮೊದಲು. ಯಾವಾಗಲೂ ಡಿಸೆಂಬರ್ ರಜೆ, ಅಥವಾ ಯಾರದೋ ಮದುವೆ. ಕಳೆದ ಮೂರು ಸಲ ಬಂದದ್ದು ಅಪ್ಪನಿಗಾಗಿ. ಮೊದಲ ಸಲ ಆಸ್ಪತ್ರೆಗೆ, ಎರಡನೆಯ ಸಲ ಮಣ್ಣಿಗೆ, ಆಮೇಲೆ ವರ್ಷದ ಕಾರ್ಯಕ್ಕೆ.

ಈ ಸಲದ ಕೆಲಸವೂ ಒಂಥರಾ ಅಪ್ಪನದೇ. ಮದಿಹಾಳದ ಮನೆ ಮಾರಾಟವಾಗಿದೆ. ದೀಪಾವಳಿ ಆದಮೇಲೆ ಅವ್ವ ಹುಬ್ಬಳ್ಳಿಗೆ, ಅಣ್ಣನ ಫ್ಲ್ಯಾಟಿಗೆ ಹೋಗುತ್ತಾಳೆ. ಅಲ್ಲಿ ಅಪ್ಪನ ಪುಸ್ತಕದ ಕಪಾಟಿಗೆ ಜಾಗವಿಲ್ಲ. "ನೀನ ಬಂದು ನೋಡಿ ಹೇಳು, ಏನು ಮಾಡೋಣು" ಎಂದು ಅಣ್ಣ ಫೋನಿನಲ್ಲಿ ಕೇಳಿದ್ದ.

ಅವ್ವ ಬಾಗಿಲಲ್ಲಿ ನೀರು ಇಳಿಸಿ ಒಳಗೆ ಕರೆದಳು. ಇವತ್ತು ನಾಗರ ಅಮಾವಾಸ್ಯೆ. ಮನೆ ತುಂಬ ಹುರಿದ ಶೇಂಗಾದ ವಾಸನೆ. ನನ್ನ ಗಲ್ಲ ಹಿಡಿದು ನೋಡಿ, "ಕೂದಲಾ ಬೆಳ್ಳಗಾಗ್ಯಾವಲ್ಲ ನನ್ನವ್ವಾ" ಎಂದಳು. ಅಷ್ಟೇ ಅಂದಳು, ಆಮೇಲೆ ಚಹಾ ಮಾಡಲು ಹೋದಳು.

ಆಗಸ್ಟ್ 5, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಬೆಳಿಗ್ಗೆ ಅವ್ವನ ಜೊತೆ ಸೋಮೇಶ್ವರ ಗುಡಿಗೆ ಹೋಗಿಬಂದೆ. ಶಾಲ್ಮಲಾ ನದಿ ಹುಟ್ಟುವ ಜಾಗ. ಅಪ್ಪ ಹಳ್ಳಿಯ ಶಾಲೆಯಲ್ಲಿ ಭೂಗೋಳ ಮತ್ತು ಕನ್ನಡ ಕಲಿಸುತ್ತಿದ್ದರು. ಧಾರವಾಡ ದಿಬ್ಬದ ಮೇಲಿದೆ, ಇಲ್ಲಿ ಬಿದ್ದ ಮಳೆಯಲ್ಲಿ ಒಂದಿಷ್ಟು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ, ಒಂದಿಷ್ಟು ಬಂಗಾಳ ಕೊಲ್ಲಿಗೆ ಎಂದು ಇದೇ ಗುಡಿಯ ಕಟ್ಟೆಯ ಮೇಲೆ ಕೂತು ನಮಗೆ ಹೇಳಿಕೊಟ್ಟಿದ್ದರು.

ಮಧ್ಯಾಹ್ನ ಕಪಾಟು ತೆಗೆದೆ. ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಎಲ್ಲ ಪುಸ್ತಕಕ್ಕೂ ಖಾಕಿ ಹಾಳೆಯ ಹೊದಿಕೆ, ಬೆನ್ನಿನ ಮೇಲೆ ಅಪ್ಪನ ದುಂಡು ಅಕ್ಷರದಲ್ಲಿ ನಂಬರು. ಒಟ್ಟು 412. ಅದರಲ್ಲಿ ಮುಕ್ಕಾಲು ಪಾಲು ಮನೋಹರ ಗ್ರಂಥಮಾಲೆಯವು. ಅಪ್ಪ ಅದರ ಚಂದಾದಾರರು. ವರ್ಷಕ್ಕೊಮ್ಮೆ ಹಣ ಕಟ್ಟಿದರೆ ಆ ವರ್ಷದ ಪುಸ್ತಕಗಳೆಲ್ಲ ಮನೆಗೆ ಬರುತ್ತಿದ್ದವು. ಯಾವುದು ಬೇಕು, ಯಾವುದು ಬೇಡ ಎಂದು ಆರಿಸುವ ಹಾಗಿರಲಿಲ್ಲ. ನನಗೆ ಆ ಪದ್ಧತಿ ಈಗಲೂ ಬಹಳ ಇಷ್ಟ. ಕೈಗೆ ಬಂದದ್ದನ್ನು ಓದುತ್ತಾ ಓದುತ್ತಾ ನಮ್ಮ ರುಚಿ ದೊಡ್ಡದಾಗುತ್ತದೆ. ನನಗೆ ಗೊತ್ತಿದ್ದದ್ದನ್ನೇ ನಾನು ಆರಿಸುತ್ತಾ ಹೋಗಿದ್ದರೆ ಅರ್ಧ ಪುಸ್ತಕಗಳನ್ನು ಮುಟ್ಟುತ್ತಲೇ ಇರಲಿಲ್ಲ.

ಇಲ್ಲಿ ಶಿಕಾಗೊದ ವಿಷಯ ಹೇಳಬೇಕು. ನಾನು ಕೆಲಸ ಮಾಡುವುದು ಅಲ್ಲಿನ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದಲ್ಲಿ. ಹೋದ ಮೊದಲ ಚಳಿಗಾಲ, ಸರೋವರದ ಕಡೆಯಿಂದ ಬೀಸುವ ಗಾಳಿಗೆ ಹೆದರಿ ಮಧ್ಯಾಹ್ನದ ಬಿಡುವಿನಲ್ಲಿ ರೆಗೆನ್‌ಸ್ಟೈನ್ ಗ್ರಂಥಾಲಯದೊಳಗೆ ಹೋಗಿ ಕೂರುತ್ತಿದ್ದೆ. ಒಂದು ದಿನ ಸುಮ್ನೆ ಕಪಾಟುಗಳ ನಡುವೆ ಅಡ್ಡಾಡುವಾಗ ಕನ್ನಡ ಅಕ್ಷರ ಕಂಡಿತು. ಒಂದಲ್ಲ, ಸಾಲು ಸಾಲು. ಮೈಸೂರಿನವು, ಬೆಂಗಳೂರಿನವು, ಧಾರವಾಡದವು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಒಂದು ಪುಸ್ತಕ ತೆಗೆದರೆ ಮೊದಲ ಪುಟಗಳಲ್ಲಿ ಸುಭಾಸ ರಸ್ತೆ, ಧಾರವಾಡ ಎಂದಿತ್ತು. ಆ ರಸ್ತೆಯಲ್ಲಿ ನಾನು ಸೈಕಲ್ ಕಲಿತಿದ್ದೆ.

ಅಷ್ಟು ಪುಸ್ತಕ ಅಲ್ಲಿಗೆ ಹೇಗೆ ಬಂದವು ಎಂದು ಆಮೇಲೆ ತಿಳಿಯಿತು. ಎಷ್ಟೋ ಪುಸ್ತಕಗಳಲ್ಲಿ ಪಿ.ಎಲ್. 480 ಎಂಬ ಗುರುತು ಇತ್ತು. ಅದು 1954ರ ಅಮೆರಿಕದ ಒಂದು ಕಾಯ್ದೆಯ ನಂಬರು. ಆ ಕಾಯ್ದೆಯ ಪ್ರಕಾರ ಅವರು ನಮಗೆ ಗೋಧಿ ಮಾರಿ, ಡಾಲರಿನ ಬದಲು ರೂಪಾಯಿ ತೆಗೆದುಕೊಂಡರು. ಆ ರೂಪಾಯಿಯನ್ನು ಇಲ್ಲೇ ಖರ್ಚು ಮಾಡಬೇಕಿತ್ತು. 1962ರಲ್ಲಿ ಅವರ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಕಚೇರಿ ತೆರೆದು, ಅದೇ ಹಣದಿಂದ ಭಾರತದ ಎಲ್ಲ ಭಾಷೆಗಳ ಪುಸ್ತಕ ಕೊಂಡು ತಮ್ಮ ವಿಶ್ವವಿದ್ಯಾಲಯಗಳಿಗೆ ಕಳಿಸಿತು.

ಇದನ್ನು ಅವ್ವನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಆ ರೇಶನ್ ಗೋದಿ ನಾವೂ ತಿಂದೇವಿ. ಚಪಾತಿ ಮಾಡಿದ್ರ ಚರ್ಮದಂಗ ಆಗ್ತಿತ್ತು. ಹಂಗಾರ ನೀ ಓದಿದ್ದು ನಾವು ತಿಂದ ರೊಕ್ಕದ್ದ."

ಹೌದು, ಹಾಗೇ ಆಯಿತು.

ಆಗಸ್ಟ್ 6, ಮಂಗಳವಾರ

ಸುಭಾಸ ರಸ್ತೆಗೆ ಹೋದೆ. ಗ್ರಂಥಮಾಲೆಯ ಅಟ್ಟ ಅಲ್ಲೇ ಇದೆ. ಕಿರಿದಾದ ಮೆಟ್ಟಿಲು ಹತ್ತಬೇಕು. ಜಿ.ಬಿ. ಜೋಶಿಯವರು ಇದನ್ನು ಶುರು ಮಾಡಿದ್ದು 1933ರಲ್ಲಿ. ಧಾರವಾಡದಲ್ಲಿ "ಅಟ್ಟ" ಅಂದರೆ ಸಾಕು, ಓದುವವರಿಗೆಲ್ಲ ಗೊತ್ತಾಗುತ್ತದೆ. ಗಿರೀಶ ಕಾರ್ನಾಡರು ಆಕ್ಸ್‌ಫರ್ಡಿಗೆ ಹೋಗುವ ಹೊತ್ತಿನಲ್ಲಿ ಬರೆದ ಮೊದಲ ನಾಟಕವನ್ನು 1961ರಲ್ಲಿ ಪ್ರಕಟಿಸಿದವರು ಇವರೇ. ಎ.ಕೆ. ರಾಮಾನುಜನ್ ಅವರ ಮೊದಲ ಕನ್ನಡ ಕವನ ಸಂಕಲನವೂ 1969ರಲ್ಲಿ ಇಲ್ಲಿಂದಲೇ ಹೊರಬಂತು. ರಾಮಾನುಜನ್ ಆಗ ಶಿಕಾಗೊದಲ್ಲಿ ಮೇಷ್ಟ್ರು. 1993ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದರು. ನಾನು ಹೋಗುವಷ್ಟರಲ್ಲಿ ಅವರಿಲ್ಲವಾಗಿ ಎಂಟು ವರ್ಷ. ಆದರೆ ಆ ಸಂಕಲನದ ಪ್ರತಿ ಅವರು ಓಡಾಡಿದ ಗ್ರಂಥಾಲಯದಲ್ಲೇ ನನಗೆ ಸಿಕ್ಕಿತು. ಶಿಕಾಗೊದಲ್ಲಿ ಕೂತು ಕನ್ನಡದಲ್ಲಿ ಬರೆದದ್ದು ಧಾರವಾಡಕ್ಕೆ ಬಂದು ಅಚ್ಚಾಗಿ, ಮತ್ತೆ ಶಿಕಾಗೊಗೇ ಹೋಗಿ ನನ್ನ ಕೈಗೆ ಬಂದಿತ್ತು. ಮನೆಯಿಂದ ದೂರ ಇದ್ದೇನೆ ಎಂಬ ನೋವು ಅವತ್ತು ಸ್ವಲ್ಪ ಕಡಿಮೆಯಾಯಿತು. ನನಗಿಂತ ಮೊದಲೇ ಈ ದಾರಿಯಲ್ಲಿ ಪುಸ್ತಕಗಳು ಓಡಾಡಿದ್ದವು.

ಅಪ್ಪನ ಹತ್ತಿರ ಇಲ್ಲದ ಎರಡು ಹೊಸ ಪುಸ್ತಕ ಕೊಂಡೆ. ಕಪಾಟು ಖಾಲಿ ಮಾಡಲು ಬಂದವಳು ಇನ್ನೆರಡು ಸೇರಿಸಿದೆ. ಅವ್ವ ಏನೂ ಅನ್ನಲಿಲ್ಲ. ಲೈನ್ ಬಜಾರಿನ ಪೇಡೆ ತಂದಿದ್ದೆ, ಅದನ್ನು ಮೊದಲು ಕಪಾಟಿನ ಮೇಲಿದ್ದ ಅಪ್ಪನ ಫೋಟೋದ ಮುಂದೆ ಇಟ್ಟಳು.

ಆಗಸ್ಟ್ 7, ಬುಧವಾರ

ಇವತ್ತು ರೊಟ್ಟಿ ಪಂಚಮಿ. ಅವ್ವ ಐದು ಗಂಟೆಗೇ ಎಸರು ಇಟ್ಟಿದ್ದಳು. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ನಾಲ್ಕು ನಮೂನೆ ಪಲ್ಯ. ಓಣಿಯ ಮನೆಮನೆಗೂ ಹಂಚಬೇಕು, ಅವರದು ನಮ್ಮ ಮನೆಗೆ ಬರಬೇಕು. ನಾನೂ ಬಡಿಯಲು ಕೂತೆ. ಶಿಕಾಗೊದಲ್ಲಿ ಡೆವೋನ್ ಅವೆನ್ಯೂಗೆ ಹೋಗಿ ಜೋಳದ ಹಿಟ್ಟು ತರುತ್ತೇನೆ. ಹಿಟ್ಟು ಹಳೆಯದಾಗಿ ಜಿಗಿ ಹೋಗಿರುತ್ತದೆ, ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ನನ್ನ ಕೈಯೇ ಕೆಟ್ಟಿದೆ ಎಂದುಕೊಂಡಿದ್ದೆ. ಇವತ್ತು ಹೊಸ ಹಿಟ್ಟಿನಲ್ಲಿ ಬಡಿದರೆ ಚೊಕ್ಕ ಬಂತು.

ಅಪ್ಪ ದಿನಾ ಸಂಜೆ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ಅವ್ವನಿಗೆ ಕಾದಂಬರಿ ಓದಿ ಹೇಳುತ್ತಿದ್ದರು. ಅವ್ವ ಕಲಿತದ್ದು ಮೂರನೆಯ ಇಯತ್ತೆ. ಬೋರ್ಡು, ಬಸ್ಸಿನ ಹೆಸರು ಓದುತ್ತಾಳೆ, ದಪ್ಪ ಪುಸ್ತಕ ಅವಳಿಂದ ಆಗದು. ಆದರೆ ಈ ಕಪಾಟಿನ ಮುಕ್ಕಾಲು ಪಾಲು ಕಥೆ ಅವಳಿಗೆ ಗೊತ್ತು. ಪುಸ್ತಕದ ಹೆಸರು ಹೇಳುವುದಿಲ್ಲ. "ಆ ಮುದುಕಿ ನ್ಯಾಯಾ ಹೇಳೋ ಪುಸ್ತಕ", "ಪ್ಲೇಗ್ ಬಂದ ಊರಿನ ಪುಸ್ತಕ" ಎನ್ನುತ್ತಾಳೆ. ಯಾವ ಭಾಗ ಓದುವಾಗ ಒಲೆಯ ಮೇಲೆ ಏನಿತ್ತು ಎನ್ನುವುದೂ ನೆನಪಿದೆ.

ರೊಟ್ಟಿ ಬಡಿಯುತ್ತಾ ಒಂದು ಕಥೆ ಹೇಳತೊಡಗಿದಳು. ಗಂಡನ ಮನೆಯವರು ಹೊರಗೆ ಹಾಕಿದ ಹುಡುಗಿಯ ಕಥೆ. ನನಗೂ ಅದು ಗೊತ್ತು. ಒಂಬತ್ತೋ ಹತ್ತೋ ವರ್ಷದವಳಿದ್ದಾಗ ಇದೇ ಅಡುಗೆಮನೆಯಲ್ಲಿ ಅವ್ವನ ಬೆನ್ನಿಗೆ ಒರಗಿ ಕೇಳಿದ್ದೆ. ಕೊನೆಗೆ ಆ ಹುಡುಗಿ ರಾತ್ರಿ ನಡೆದು ನಡೆದು, ಬೆಳಗಾಗುವ ಹೊತ್ತಿಗೆ ತವರಿನ ಅಂಗಳ ಮುಟ್ಟುತ್ತಾಳೆ. ತಾಯಿ ಕಸ ಗುಡಿಸುತ್ತಿರುತ್ತಾಳೆ. ಮಗಳನ್ನು ನೋಡಿ ಕಸಬರಿಗೆ ಕೆಳಗೆ ಇಡುತ್ತಾಳೆ. ಅವ್ವ ಹೇಳಿದ್ದೂ ಹೀಗೆಯೇ, ನನಗೆ ನೆನಪಿದ್ದದ್ದೂ ಹೀಗೆಯೇ.

ಆದರೆ ಪುಸ್ತಕದಲ್ಲಿ ಹೀಗಿಲ್ಲ.

ಆರು ವರ್ಷದ ಹಿಂದೆ ಶಿಕಾಗೊದ ಗ್ರಂಥಾಲಯದಿಂದ ಆ ಕಾದಂಬರಿ ತಂದು ಓದಿದ್ದೆ. ಕೊನೆಯಲ್ಲಿ ಹುಡುಗಿ ಊರ ಹೊರಗಿನ ಬಾವಿಗೆ ಬೀಳುತ್ತಾಳೆ. ಅಂಗಳವಿಲ್ಲ, ಕಸಬರಿಗೆಯಿಲ್ಲ, ತಾಯಿಯೂ ಇಲ್ಲ. ಅವತ್ತು ನನಗೆ ಬಹಳ ಹೆದರಿಕೆಯಾಯಿತು. ಕಥೆ ಬದಲಾಗಿದ್ದಕ್ಕಲ್ಲ, ನನ್ನ ನೆನಪಿನ ಮೇಲೆ. ಇದೇ ತಪ್ಪಾಗಿದ್ದರೆ ಅಡುಗೆಮನೆ, ಅಪ್ಪನ ಮಣೆ, ಹೊಗೆ ಏರುವ ಬೆಳಕಿಂಡಿ, ಇವೆಲ್ಲ ನಿಜ ಅಂತ ಹೇಗೆ ನಂಬುವುದು? ದೂರದಲ್ಲಿರುವವರಿಗೆ ನೆನಪು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ ಅಲ್ವಾ. ಅಪ್ಪನನ್ನು ಕೇಳಬೇಕೆಂದುಕೊಂಡೆ, ಫೋನಿನಲ್ಲಿ ಬಿ.ಪಿ., ಮಳೆ, ನೆಂಟರ ಮಾತಿನ ನಡುವೆ ಕೇಳಲೇ ಇಲ್ಲ.

ಕೈ ಒರೆಸಿಕೊಂಡು ಹೋಗಿ ಕಪಾಟಿನಲ್ಲಿ ಹುಡುಕಿದೆ. ನಂಬರು 87. ಕೊನೆಯ ಪುಟ ತೆಗೆದೆ. ಅಚ್ಚಿನಲ್ಲಿ ಬಾವಿಯೇ ಇತ್ತು. ಆದರೆ ಅದರ ಕೆಳಗೆ ಖಾಲಿ ಬಿಟ್ಟ ಜಾಗದಲ್ಲಿ, ಸಾಲದೆ ಹಿಂದಿನ ರಟ್ಟಿನ ಒಳಗೂ, ಪೆನ್ಸಿಲ್ಲಿನಲ್ಲಿ ಅಪ್ಪನ ದುಂಡು ಅಕ್ಷರ. ಹದಿನಾಲ್ಕು ಸಾಲು. ಅಂಗಳ, ಬೆಳಗು, ಕಸಬರಿಗೆ. ಎರಡು ಕಡೆ ಹೊಡೆದು ಹಾಕಿ ತಿದ್ದಿದ್ದಾರೆ. ಮೊದಲು "ಪೊರಕೆ" ಎಂದು ಬರೆದು, ಆಮೇಲೆ ಅದನ್ನು ಹೊಡೆದು "ಕಸಬರಿಗೆ" ಮಾಡಿದ್ದಾರೆ. ಅವ್ವನ ಮಾತು ಅದು.

ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಬಂದೆ. ತೋರಿಸಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ನನಗ."

"ಗೊತ್ತಿತ್ತಾ? ಅಪ್ಪ ಹೇಳಿದ್ರಾ?"

"ಅವರ್ಯಾಕ ಹೇಳ್ತಾರ? ಬ್ಯಾರೆಯವರು ಬರದದ್ದು ಓದೋವಾಗ ಅವರ ದನಿ ಒಂದು ಇರ್ತಿತ್ತು. ಅದನ್ನ ಓದೋವಾಗ ಬ್ಯಾರೆ ಆತು. ನಾ ಆಗ ನಿನ್ನ ತಮ್ಮನ್ನ ಕಳಕೊಂಡು ಎರಡು ತಿಂಗಳಾಗಿತ್ತು. ಸಾವಿನ ಕಥಿ ನನಗ ಓದಿ ಹೇಳಾಕ ಅವರ ಕೈಲಿ ಆಗಲಿಲ್ಲ."

ಹುಟ್ಟಿ ಹನ್ನೊಂದು ದಿನಕ್ಕೇ ಹೋದ ಕೂಸು ಅದು. ನಮ್ಮ ಮನೆಯಲ್ಲಿ ಯಾರೂ ಅದರ ಮಾತು ಎತ್ತುತ್ತಿರಲಿಲ್ಲ. ಅವ್ವ ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು. ನಾನು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದೆ.

ಆಗಸ್ಟ್ 8, ಗುರುವಾರ

ಬೆಳಿಗ್ಗೆ ನಾಗಪ್ಪನಿಗೆ ಹಾಲು. ಮಣ್ಣಿನ ನಾಗಪ್ಪ, ಕೊಬ್ಬರಿ ಬಟ್ಟಲಿನಲ್ಲಿ ಬೆಲ್ಲದ ಹಾಲು. ಮನೆಯ ಒಬ್ಬೊಬ್ಬರ ಹೆಸರು ಹೇಳಿ ಅವರವರ ಪಾಲು ಎರೆಯಬೇಕು. ದೇವರ ಪಾಲು, ಗುರುವಿನ ಪಾಲು, ಅಣ್ಣನ ಪಾಲು, ವೈನಿ ಪಾಲು. ಅವ್ವ ಅಪ್ಪನ ಪಾಲೂ ಎರೆದಳು. ಆಮೇಲೆ ನನ್ನ ಹೆಸರು ಹೇಳಿ ಎರೆಯಲು ಹೋಗಿ, ಬಟ್ಟಲು ನನ್ನ ಕೈಗೆ ಕೊಟ್ಟಳು. "ಇಷ್ಟು ವರ್ಷ ನಿಂದು ನಾನ ಎರದೇನಿ. ಇವತ್ತು ನೀನ ಎರಿ." 

ಕಪಾಟಿನ ಕೆಳಗಿನ ಖಾನೆಯಲ್ಲಿ ಕ್ಯಾಸೆಟ್ಟುಗಳಿದ್ದವು. ಮೂವತ್ತರ ಮೇಲೆ. ಎಲ್ಲ ಅಪ್ಪ ರೇಡಿಯೊದಿಂದ ಹಿಡಿದವು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ನಮ್ಮ ಮನೆಯ ಗಡಿಯಾರವೂ ಅದೇ, ಗುರುವೂ ಅದೇ. ಅರ್ಧಕ್ಕರ್ಧ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಈ ಊರಿನ ಮಳೆಗಾಲ ಟೇಪನ್ನು ಬಿಡುವುದಿಲ್ಲ. ಟೂ ಇನ್ ಒನ್ ಹಚ್ಚಿದರೆ ಚಕ್ರ ತಿರುಗಲಿಲ್ಲ. ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ರಿಪೇರಿ ಮಾಡುವ ಒಬ್ಬರು ಇನ್ನೂ ಇದ್ದಾರೆ. ಬೆಲ್ಟ್ ಸಡಿಲವಾಗಿದೆ, ಎರಡು ತಾಸು ಬಿಟ್ಟು ಬರ್ರಿ ಎಂದರು.

ಆ ಎರಡು ತಾಸಿನಲ್ಲಿ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆಗೆ ಹೋದೆ. "ಮೃತ್ಯುಂಜಯ" ಎಂದು ಅದರ ಹೆಸರು, ಈಗ ಸ್ಮಾರಕ. ಮನ್ಸೂರು ಹಳ್ಳಿ ಧಾರವಾಡದ ಪಕ್ಕದಲ್ಲೇ ಇದೆ. ಅಲ್ಲಿ ಹುಟ್ಟಿದವರು ಮುಂಬೈಗೆ ಹೋಗಿ, ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನ್ ಅವರಲ್ಲಿ ಜೈಪುರ ಅತ್ರೌಲಿ ಘರಾಣೆಯ ಹಾಡಿಕೆ ಕಲಿತರು. ಅಂಥ ದೊಡ್ಡ ಗಾಯಕರು ಧಾರವಾಡದಲ್ಲೇ ಉಳಿದರು, 1992ರಲ್ಲಿ ಹೋಗುವ ತನಕ. ಶಿಕಾಗೊದಲ್ಲಿ ನಾನು ಅವರ ಹಾಡಿಕೆ ಕೇಳುವಾಗ ಒಳಗೆ ಒಂದು ಚುಚ್ಚಿದಂತಾಗುತ್ತದೆ. ಅವರು ಎಲ್ಲಿ ಬೇಕಾದರೂ ಇರಬಹುದಿತ್ತಲ್ಲ ಎಂದು. ಅವರ ಮನೆಯ ಕಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ಬಂದೆ.

ರಾತ್ರಿ ಒಂದು ಸಿ-60 ಕ್ಯಾಸೆಟ್ ಹಾಕಿದೆ. ಮೇಲೆ "ಮನ್ಸೂರ, ವಚನ, 1985" ಎಂದಿತ್ತು. ಅಪ್ಪ ರೇಡಿಯೊದ ಮುಂದೆ ಬೇರೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ಹಾಗಾಗಿ ಹಾಡಿನ ಜೊತೆ ಮನೆಯೂ ಅದರಲ್ಲಿದೆ. ತಂಬೂರಿಯ ಹಿಂದೆ ಕೊಡಕ್ಕೆ ನೀರು ಬೀಳುವ ಸದ್ದು. ಅಕ್ಕಮಹಾದೇವಿಯ ವಚನ ಶುರುವಾಗುತ್ತದೆ. ಅವ್ವ ಯಾರನ್ನೋ ಕರೆಯುತ್ತಾಳೆ. ಒಂದು ಹುಡುಗಿ, ಅಂದರೆ ನಾನು, ಮಗ್ಗಿ ಹೇಳುತ್ತಿದ್ದೇನೆ. ಆಗ ತೀರ ಹತ್ತಿರದಿಂದ ಅಪ್ಪನ ದನಿ: "ಸುಮ್ನಿರ್ರಿ, ಮನ್ಸೂರರು ಹಾಡಾಕತ್ತಾರ."

ಅಷ್ಟೇ. ಮೂವತ್ತು ಕ್ಯಾಸೆಟ್ಟಿನಲ್ಲಿ ಅಪ್ಪನ ದನಿ ಇರುವುದು ಇದೊಂದೇ ಕಡೆ. ಅಣ್ಣ ಮೂರು ಸಲ ಹಿಂದೆ ತಿರುಗಿಸಿದ. ನಾಲ್ಕನೆಯ ಸಲ ಅವ್ವ ಬೇಡ ಎಂದಳು. "ಟೇಪು ಸವದೀತು. ಮುಂದಿಂದು ಕೇಳೋಣು." ವಚನ ಪೂರ್ತಿ ಕೇಳಿದೆವು.

ಆಗಸ್ಟ್ 9, ಶುಕ್ರವಾರ

ಪಂಚಮಿ. ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. 50 ವರ್ಷದ ನಾನೂ ಜೀಕಿದೆ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು. ಇಡೀ ದಿನ ಕಪಾಟಿನ ಹತ್ತಿರ ಹೋಗಲಿಲ್ಲ.

ಆಗಸ್ಟ್ 10, ಶನಿವಾರ

ನಿರ್ಧಾರ ಮಾಡಿದೆವು. ಪುಸ್ತಕಗಳು ಅಪ್ಪ ಕಲಿಸಿದ ಹಳ್ಳಿಯ ಶಾಲೆಗೆ. ಅಲ್ಲಿನ ಈಗಿನ ಹೆಡ್ ಮಾಸ್ತರರು ಅಪ್ಪನ ವಿದ್ಯಾರ್ಥಿ, ಟೆಂಪೋ ತೆಗೆದುಕೊಂಡು ಅವರೇ ಬಂದರು. ಬೆನ್ನಿನ ನಂಬರು ನೋಡಿ, "ಇದು ಹಂಗ ಇರಲ್ರಿ, ನಾವು ಬ್ಯಾರೆ ನಂಬರ್ ಹಾಕೂದಿಲ್ಲ" ಎಂದರು. ಶಿಕಾಗೊಗೆ ನಾನು ಎಷ್ಟು ಒಯ್ಯಬಲ್ಲೆ? ಒಂದು ಚೀಲಕ್ಕೆ 23 ಕಿಲೋ. ಅದರಲ್ಲೂ ಉಂಡಿ, ಖಾರಪುಡಿ, ಶೇಂಗಾ ಹಿಂಡಿ. ಮೊದಲು ಬರುವಾಗ ಎಷ್ಟು ಸಾಧ್ಯವೋ ಅಷ್ಟು ಒಯ್ಯಬೇಕೆಂದೇ ಬಂದಿದ್ದೆ. ಆದರೆ ಅಚ್ಚಿನ ಪುಸ್ತಕಗಳು ಅಲ್ಲಿಯೂ ಇವೆ. ಇಲ್ಲಿನ ಮಕ್ಕಳ ಕೈಗೆ ಹೋಗಬೇಕಾದ್ದನ್ನು ನನ್ನ ಮನೆಯ ಗೋಡೆಗೆ ಒರಗಿಸಿ ಇಡುವುದು ನನಗೆ ಸರಿ ಕಾಣಲಿಲ್ಲ. ನಂಬರು 87 ಒಂದನ್ನು ತೆಗೆದಿಟ್ಟುಕೊಂಡೆ. 411 ಹೋದವು, ನಾನು ತಂದ ಎರಡು ಸೇರಿ 413.

ಖಾಲಿ ಕಪಾಟಿನ ಮುಂದೆ ನಾವು ಮೂವರೂ ಊಟ ಮಾಡಿದೆವು. ಮಳೆ ಬಿಟ್ಟಿರಲಿಲ್ಲ. ಮಲಗುವಾಗ ಅವ್ವ ಹೇಳಿದಳು, "ಅದನ್ನ ಓದು."

ಕೊನೆಯ ಅಧ್ಯಾಯ ತೆಗೆದೆ. ಹುಡುಗಿ ರಾತ್ರಿ ಮನೆ ಬಿಟ್ಟಳು. ಊರ ಹೊರಗೆ ಬಂದಳು. ನಾನು ತಡೆದೆ.

"ಅವ್ವ, ಯಾವುದನ್ನ ಓದಲಿ?"

"ಇದ್ದದ್ದು ಇದ್ದಂಗ ಓದು. ಒಮ್ಮಿ ಕೇಳತೀನಿ."

ಓದಿದೆ. ಬಾವಿಯ ತನಕ ಓದಿದೆ. ಅವ್ವ ಕಣ್ಣು ಮುಚ್ಚಿಕೊಂಡು ಕೇಳಿದಳು. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದಳು. "ಭಾಳ ಛಲೋ ಬರದಾನ ಪುಣ್ಯಾತ್ಮ" ಎಂದಳು. ಆಮೇಲೆ, "ಈಗ ನಿಮ್ಮ ಅಪ್ಪಾರದು ಓದು."

ಪೆನ್ಸಿಲ್ಲು ಅಲ್ಲಲ್ಲಿ ಅಳಿಸಿತ್ತು. ಅಳಿಸಿದ ಕಡೆ ಅವ್ವ ಹೇಳಿಕೊಟ್ಟಳು.

ಆಗಸ್ಟ್ 11, ರವಿವಾರ

ಪುಸ್ತಕ ಅವ್ವನ ದಿಂಬಿನ ಕೆಳಗೇ ಉಳಿಯಿತು. ಕೊನೆಯ ಪುಟದ ಫೋಟೋ ನನ್ನ ಫೋನಿನಲ್ಲಿದೆ. ಕ್ಯಾಸೆಟ್ಟುಗಳು ಅಣ್ಣನ ಹತ್ತಿರ.

ರೈಲು ಬಿಡುವ ಮೊದಲು ವೈನಿ ಕಿಟಕಿಯಿಂದ ಒಂದು ಚೀಟಿ ಕೊಟ್ಟಳು. ಅವ್ವ ಹೇಳಿ ಬರೆಸಿದ್ದು. ಪ್ರತಿ ರವಿವಾರ ಫೋನಿನಲ್ಲಿ ಓದಿ ಹೇಳಬೇಕಂತೆ. ಶಿಕಾಗೊದ ಗ್ರಂಥಾಲಯದಲ್ಲಿ ಹುಡುಕಬೇಕಾದ ಪುಸ್ತಕಗಳ ಪಟ್ಟಿ ಅದು: ಮುದುಕಿ ನ್ಯಾಯಾ ಹೇಳೋದು. ಪ್ಲೇಗಿನದು. ಇಬ್ಬರು ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳೋದು, ಅದರ ಕೊನೆ ನಿಮ್ಮ ಅಪ್ಪಾರು ಓದೋದ್ರಾಗ ನೆಂಟರು ಬಂದ್ರು, ಉಳದಬಿಟ್ಟೈತಿ.

ಚೀಟಿಯ ಮೂಲೆಗೆ ಉಂಡಿಯ ಎಣ್ಣೆ ಹತ್ತಿದೆ. ಹಾವೇರಿ ದಾಟಿದೆವು. ಮೂರನೆಯ ಪುಸ್ತಕ ಯಾವುದಿರಬಹುದು ಎಂದು ಇನ್ನೂ ಯೋಚಿಸುತ್ತಿದ್ದೇನೆ.